ವಿಆರ್ ಗರಡಿ: ಗುಂಡಿಗೆ ತೂಕ ಬರತೊಡಗಿದೆ

ನಮ್ಮ ವಿಆರ್ (ಹೆಡ್‌ಸೆಟ್ ಹಾಕಿಕೊಂಡರೆ ಕಾಣುವ ಕಂಪ್ಯೂಟರ್ ಲೋಕ) ಗರಡಿಯಲ್ಲಿ 40 ಕೆ.ಜಿ. ಕಲ್ಲುಗುಂಡು ಈಗ ಒಂದು ಕೈಗೆ ಏಳುವುದಿಲ್ಲ. ಎರಡೂ ಕೈ ಹಾಕಬೇಕು, ಕುಕ್ಕರಗಾಲಲ್ಲಿ ಕೂತು ಕಲ್ಲನ್ನು ಮೈಗೆ ಎಳೆದುಕೊಳ್ಳಬೇಕು, ಆಮೇಲೆ ಮೇಲೇಳಬೇಕು. ಕೈಯಲ್ಲಿ ನಿಜವಾಗಿ ಇರುವುದು ಹಗುರವಾದ ಪ್ಲಾಸ್ಟಿಕ್ ಕಂಟ್ರೋಲರ್ ಅಷ್ಟೆ. ಆದರೂ ಎತ್ತುವವರು ತಾವಾಗಿಯೇ ಕಾಲು ಅಗಲಿಸಿ ನಿಲ್ಲುತ್ತಾರೆ, ಉಸಿರು ಹಿಡಿಯುತ್ತಾರೆ. ಕಳೆದ ಸಲ ಬರೆದಾಗ ಕಲ್ಲಿನ ರೂಪ ಮಾತ್ರ ಸಿದ್ಧವಾಗಿತ್ತು. ಈ ಸಲದ್ದೆಲ್ಲ ತೂಕದ ಕೆಲಸ.

ಹೊಸದಾಗಿ ಓದುವವರಿಗಾಗಿ ಎರಡು ಮಾತು. ಹಾವೇರಿ, ಧಾರವಾಡ, ಗದಗ ಕಡೆಯ ಹಳ್ಳಿಗಳಲ್ಲಿ ಜಾತ್ರೆ, ಹಬ್ಬ ಬಂತೆಂದರೆ ಗುಂಡು ಎತ್ತುವುದು, ಸಂಗ್ರಾಣಿ ಕಲ್ಲು (ಹಿಡಿಕೆ ಇರುವ ಕಲ್ಲು) ಎತ್ತುವುದು, ಚೀಲ ಎತ್ತುವುದು ದೊಡ್ಡ ಪಂದ್ಯಗಳು. ಹನುಮಪ್ಪನ ಗುಡಿ ಮುಂದೆ ಇಂಥ ಕಲ್ಲು ಬಿದ್ದಿರುವುದನ್ನು ನಮ್ಮ ಹುಬ್ಬಳ್ಳಿಯ ಹುಡುಗರು ನೋಡಿರುತ್ತಾರೆ, ಅದನ್ನು ಎತ್ತುವುದನ್ನು ನೋಡಿದವರು ಕಡಿಮೆ. ಆ ವರಸೆ ಹೆಡ್‌ಸೆಟ್ ಹಾಕಿಕೊಂಡವರ ಮೈಗೆ ಬರಬೇಕೆಂಬುದು ನನ್ನ ಆಸೆ. ಅದಕ್ಕೆ ಕಲ್ಲು ಕಲ್ಲಿನಂತೆ ಕಂಡರಷ್ಟೇ ಸಾಲದು.

ಕಂಟ್ರೋಲರ್ ನಮ್ಮ ಕೈಯನ್ನು ಕೆಳಕ್ಕೆ ಜಗ್ಗಲಾರದು. ಉಳಿದಿರುವುದು ಕಣ್ಣಿನ ದಾರಿ. ನಿಜವಾದ ಕೈ ಮೇಲೆ ಹೋದರೂ ಹೆಡ್‌ಸೆಟ್‌ನಲ್ಲಿ ಕಾಣುವ ಕೈ ಸ್ವಲ್ಪ ಹಿಂದೆ ಉಳಿಯಬೇಕು. ಆ ಅಂತರವನ್ನು ಮಿದುಳು ಭಾರವೆಂದು ತಿಳಿಯುತ್ತದೆ. ಫ್ರಾನ್ಸಿನ ಅನತೋಲ್ ಲೆಕುಯೆ ಮತ್ತು ಸಂಗಡಿಗರು 2000ದಲ್ಲಿ ಬರೆದ ಪ್ರಬಂಧದಿಂದ ಈ ಬಗೆಯ ತಂತ್ರಕ್ಕೆ ಸೂಡೋ-ಹ್ಯಾಪ್ಟಿಕ್, ಅಂದರೆ ಹುಸಿ ಸ್ಪರ್ಶ, ಎಂಬ ಹೆಸರು ಬಂತು. 2018ರಲ್ಲಿ ಜರ್ಮನಿಯ ಉಲ್ಮ್ ವಿಶ್ವವಿದ್ಯಾಲಯದವರು, ಅಂತರ ಎದ್ದು ಕಾಣುವಷ್ಟು ದೊಡ್ಡದಿದ್ದರೂ ಜನ ಅದನ್ನು ತೂಕವೆಂದೇ ಒಪ್ಪಿಕೊಳ್ಳುತ್ತಾರೆ ಎಂದು ತೋರಿಸಿದರು. ದೊಡ್ಡ ಅಂತರ ಇಡಲು ನನಗೆ ಧೈರ್ಯ ಬಂದದ್ದು ಅದನ್ನು ಓದಿದ ಮೇಲೆ.

ಗರಡಿ ಕಟ್ಟುತ್ತಿರುವುದು ಯೂನಿಟಿ ಎಂಬ ಆಟ ತಯಾರಿಸುವ ಸಾಫ್ಟ್‌ವೇರಿನಲ್ಲಿ. ಅದರಲ್ಲಿ ಕಂಟ್ರೋಲರಿಗೂ ಕಾಣುವ ಕೈಗೂ ನಡುವೆ ಕಾನ್ಫಿಗರೆಬಲ್ ಜಾಯಿಂಟ್ ಎಂಬ ಒಂದು ಕೊಂಡಿ ಹಾಕಿದ್ದೇನೆ. ಅದು ಕೆಲಸ ಮಾಡುವುದು ಸ್ಪ್ರಿಂಗಿನ ಲೆಕ್ಕದಲ್ಲಿ. ಸ್ಪ್ರಿಂಗಿನ ಬಿಗಿ ಮೀಟರಿಗೆ 2000 ನ್ಯೂಟನ್ (ನ್ಯೂಟನ್ ಅಂದರೆ ಬಲದ ಅಳತೆ). 10 ಕೆ.ಜಿ. ಕಲ್ಲು 98 ನ್ಯೂಟನ್ ಜಗ್ಗುತ್ತದೆ, ಕಾಣುವ ಕೈ 5 ಸೆಂ.ಮೀ. ಹಿಂದುಳಿಯುತ್ತದೆ. 40 ಕೆ.ಜಿ. ಗುಂಡಿಗೆ 392 ನ್ಯೂಟನ್ ಬೇಕು. ಒಂದು ಕೈಯ ಬಲಕ್ಕೆ 300ರ ಮಿತಿ ಕಟ್ಟಿರುವುದರಿಂದ ಒಂಟಿ ಕೈಗೆ ಅದು ಜಪ್ಪಯ್ಯ ಅನ್ನುವುದಿಲ್ಲ. ಎರಡನೇ ಕೈ ಸೇರಿದರೆ ಸ್ಪ್ರಿಂಗ್ ಎರಡಾಗುತ್ತವೆ, ಕಲ್ಲು 10 ಸೆಂ.ಮೀ. ಅಂತರದಲ್ಲಿ ಹಿಂದೆಯೇ ಬರುತ್ತದೆ. ಎರಡನೇ ಕೈ ತಾಗಿದೊಡನೆ ಕಲ್ಲು ಮಣ್ಣಿನಿಂದ ಮಿಸುಕುವ ಆ ಗಳಿಗೆ ಇಡೀ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ.

ಡ್ಯಾಂಪಿಂಗ್ (ಸ್ಪ್ರಿಂಗಿನ ಕುಣಿತ ತಗ್ಗಿಸುವ ತಡೆ) ಸ್ಥಿರವಾಗಿಟ್ಟರೆ ಭಾರದ ಕಲ್ಲು ರಬ್ಬರಿಗೆ ಕಟ್ಟಿದಂತೆ ಕುಣಿಯುತ್ತದೆ. ಅದಕ್ಕೆ ತೂಕದ ವರ್ಗಮೂಲದ ಲೆಕ್ಕದಲ್ಲಿ ಏರಿಸುತ್ತೇನೆ: ತೂಕ ನಾಲ್ಕು ಪಟ್ಟಾದರೆ ಡ್ಯಾಂಪಿಂಗ್ ಎರಡು ಪಟ್ಟು. ಯೂನಿಟಿಯ ಫಿಸಿಕ್ಸ್ ಲೆಕ್ಕ, ಅಂದರೆ ವಸ್ತುಗಳ ಚಲನೆಯ ಲೆಕ್ಕ, ತಾನಾಗಿ ಸೆಕೆಂಡಿಗೆ 50 ಸಲ ನಡೆಯುತ್ತದೆ. ಹೆಡ್‌ಸೆಟ್ 90 ಚಿತ್ರ ತೋರಿಸುವಾಗ ಕಲ್ಲು ನಡುಗಿದಂತೆ ಕಾಣುತ್ತಿತ್ತು. ಅದನ್ನೂ 90ಕ್ಕೆ ತಂದೆ, ನಡುಕ ಹೋಯಿತು.

ಇಷ್ಟಾದ ಮೇಲೆ ನಮ್ಮ ಓಣಿಯ ಗರಡಿ ವಸ್ತಾದರಿಗೆ ತೋರಿಸಿದೆ. ಅವರು ನಿಂತಲ್ಲಿಂದಲೇ ಬಗ್ಗಿ, ಎರಡೂ ಕೈ ಮುಂದೆ ಚಾಚಿ ಗುಂಡು ಎತ್ತಿ ನೋಡಿದರು.

"ಭಾರ ಅನಸ್ತೈತಿ ತಮ್ಮಾ. ಆದ್ರ ಹಿಂಗ ದೂರ ಹಿಡಕೊಂಡು ಎತ್ತಿದ್ರ ನಡ ಮುರೀತೈತಿ. ಇದು ಹಂಗೂ ಬರಾಕತ್ತೈತಲ್ಲ? ಗುಂಡು ಕೈಲೆ ಎತ್ತೂದಲ್ಲ. ಮೊದಲ ತೊಡಿ ಮ್ಯಾಲ ತಗೋಬೇಕು, ಎದಿಗೆ ಹಚ್ಚಿಕೋಬೇಕು, ಆಮ್ಯಾಲ ಹೆಗಲಿಗೆ."

"ಹೌದ್ರಿ ವಸ್ತಾದ್ರ, ಅದನ್ನೂ ಕೂಡಸ್ತೀನ್ರಿ" ಅಂದೆ.

ಆ ಮಾತು ಇಡೀ ಯೋಜನೆಯ ದಿಕ್ಕನ್ನೇ ತಿದ್ದಿತು. ಲೆಕ್ಕ ಹಾಕಿದರೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ. 40 ಕೆ.ಜಿ. ಕಲ್ಲನ್ನು ಬೆನ್ನೆಲುಬಿನಿಂದ 50 ಸೆಂ.ಮೀ. ದೂರ ಹಿಡಿದರೆ ನಡುವಿನ ಮೇಲೆ 196 ನ್ಯೂಟನ್-ಮೀಟರ್ ತಿರುಚು, 25 ಸೆಂ.ಮೀ.ಗೆ ತಂದರೆ ನೇರ ಅರ್ಧ. ಈಗ ಕೈಬಲದ ಮಿತಿಯೂ ಹಾಗೆಯೇ ಬದಲಾಗುತ್ತದೆ. ಹೆಡ್‌ಸೆಟ್ಟಿನಿಂದ ಕೈಗಳು 25 ಸೆಂ.ಮೀ. ಒಳಗಿದ್ದರೆ ಪೂರ್ತಿ 300, 50 ಸೆಂ.ಮೀ. ಆಚೆಗೆ ಹೋದರೆ 150. ದೂರದಿಂದ ಎರಡೂ ಕೈ ಹಾಕಿದರೂ ಕೂಡಿ 300 ಆಗುತ್ತದೆಯೇ ಹೊರತು 392 ಮುಟ್ಟುವುದಿಲ್ಲ. ಕಲ್ಲನ್ನು ಉರುಳಿಸಿ ಹತ್ತಿರ ತಂದುಕೊಳ್ಳದೆ ಬೇರೆ ದಾರಿಯಿಲ್ಲ. ಕಾಲಿಗೆ ಸೆನ್ಸರ್ ಇಲ್ಲ, ಆದರೆ ತಲೆಯ ಎತ್ತರ ಹೆಡ್‌ಸೆಟ್ಟಿಗೆ ಗೊತ್ತು: ತಲೆ ತಗ್ಗಿ ಕೈಗಳ ಜೊತೆಗೇ ಮೇಲೆದ್ದರೆ ಕಾಲಿನ ಬಲವೂ ಸೇರಿತೆಂದು ಎಣಿಸುತ್ತೇನೆ.

ಇದನ್ನು ಕೂಡಿಸಿದ ಮೇಲೆ ಕೈಯ ಅಂತರವನ್ನು ಯಾರೂ ಗಮನಿಸುತ್ತಲೇ ಇಲ್ಲ. ಮೈ ತಾನೇ ಭಾರ ಎತ್ತುವ ಭಂಗಿಗೆ ಬಂದುಬಿಡುತ್ತದೆ, ತೊಡೆ ನೋಯುತ್ತದೆ. ಆ ನೋವಂತೂ ನಿಜದ್ದು! ತೂಕದ ಅನುಭವವನ್ನು ಬೆರಳ ತುದಿಯಲ್ಲಿ ಹುಡುಕುವುದಕ್ಕಿಂತ ಭಂಗಿಯಲ್ಲಿ ಹುಡುಕುವುದು ಲೇಸು ಎಂದು ನಾನೀಗ ಗಟ್ಟಿಯಾಗಿ ನಂಬುತ್ತೇನೆ.

ವೈಬ್ರೇಶನ್ ಬಹುತೇಕ ತೆಗೆದುಹಾಕಿದೆ. ಸತತ ಗುಂಯ್‌ಗುಡುವಿಕೆ ಮೋಟಾರನ್ನು ನೆನಪಿಸುತ್ತದೆ, ಕಲ್ಲನ್ನಲ್ಲ. ಹಿಡಿತ ಜಾರುವಾಗಿನ ಸಣ್ಣ ಟಿಕ್ ಮಾತ್ರ ಉಳಿದಿದೆ.

ಕಣ್ಣಳತೆಯ ವಿಷಯ ಸ್ವಾರಸ್ಯದ್ದು. ಗ್ರಾನೈಟ್ ಸಾಂದ್ರತೆ ಘನ ಮೀಟರಿಗೆ ಸುಮಾರು 2700 ಕೆ.ಜಿ. ಆ ಲೆಕ್ಕದಲ್ಲಿ 40 ಕೆ.ಜಿ. ಗುಂಡಿನ ಅಡ್ಡಳತೆ 30 ಸೆಂ.ಮೀ. ಚಿಲ್ಲರೆ, 80 ಕೆ.ಜಿ.ಯದ್ದು 38. ತೂಕ ಇಮ್ಮಡಿ, ಅಗಲ 8 ಸೆಂ.ಮೀ. ಜಾಸ್ತಿ ಅಷ್ಟೆ, ನೋಡಿ ತೂಕ ಹೇಳುವುದು ಕಷ್ಟ. ಚೀಲಗಳಲ್ಲಿ ಇದರ ಉಲ್ಟಾ. ಬ್ಯಾಡಗಿ ಮೆಣಸಿನಕಾಯಿಯ ದೊಡ್ಡ ಚೀಲಕ್ಕೂ ಜೋಳದ ಸಣ್ಣ ಚೀಲಕ್ಕೂ ಒಂದೇ ತೂಕ ಕೊಟ್ಟೆ. ಎತ್ತಿದವರೆಲ್ಲ ಮೆಣಸಿನಕಾಯಿ ಚೀಲವೇ ಹಗುರ ಅಂದರು. ಒಂದೇ ತೂಕದ ಎರಡು ವಸ್ತುಗಳಲ್ಲಿ ದೊಡ್ಡದು ಹಗುರ ಅನಿಸುತ್ತದೆ ಎಂದು ಫ್ರಾನ್ಸಿನ ವೈದ್ಯ ಶಾರ್ಪಾಂತಿಯೆ 1891ರಲ್ಲೇ ಬರೆದಿದ್ದ. ಆ ಭ್ರಮೆ ಹೆಡ್‌ಸೆಟ್ ಒಳಗೂ ಹೀಗೆ ಉಳಿದದ್ದು ನೋಡಿ ಬಹಳ ಖುಷಿಯಾಯಿತು. ಗೋಡೆಯ ಮೇಲೆ ಕಿಲೋ ತೋರಿಸುವ ಫಲಕ ಹಾಕು ಎಂದು ಕೆಲವರು ಕೇಳುತ್ತಾರೆ. ಹಾಕುವುದಿಲ್ಲ. ಅಂಕಿ ಕಂಡರೆ ಮೈ ಹೇಳುವುದನ್ನು ಯಾರೂ ಕೇಳುವುದಿಲ್ಲ.

ಮುಂದಿನದು ಸಂಗ್ರಾಣಿ ಕಲ್ಲು. ಅದನ್ನು ಒಂಟಿ ಕೈಯಲ್ಲೇ ಎತ್ತಬೇಕು, ಆದರೆ 300 ನ್ಯೂಟನ್ ಮಿತಿಯಲ್ಲಿ 30 ಕೆ.ಜಿ. ದಾಟಿದ ಕಲ್ಲು ಏಳುವುದೇ ಇಲ್ಲ. ಬರೀ ಮಿತಿ ಏರಿಸಿದರೆ ಗುಂಡೂ ಒಂದು ಕೈಗೆ ಬಂದುಬಿಡುತ್ತದೆ. ಹಿಡಿಯ ಮೇಲೆ ಬೆರಳು ಪೂರ್ತಿ ಮುಚ್ಚಿದಾಗ ಮಾತ್ರ ಹೆಚ್ಚು ಬಲ ಸಿಗುವಂತೆ ಬರೆಯುತ್ತಿದ್ದೇನೆ; ಕಲ್ಲಿನ ಭಾರಕೇಂದ್ರ ಹಿಡಿಯಿಂದ ಎಷ್ಟು ಕೆಳಗಿದೆ ಎಂಬುದರ ಮೇಲೆ ಮಣಿಕಟ್ಟು ತಿರುಗುವ ಲೆಕ್ಕ ನಿಂತಿದೆ. ನಿಮ್ಮೂರಿನ ಗುಡಿ ಮುಂದೆ ಸಂಗ್ರಾಣಿ ಕಲ್ಲಿದ್ದರೆ ಸುತ್ತಲಿಂದ ಫೋಟೋ ತೆಗೆದು, ಹಿಡಿಯ ದಪ್ಪ ಮತ್ತು ಕಲ್ಲಿನ ಎತ್ತರ ಟೇಪಿನಿಂದ ಅಳೆದು ಕಳಿಸಿ. ಫೋಟೋಗಳನ್ನು ಜೋಡಿಸಿ ಆ ಕಲ್ಲನ್ನೇ ಗರಡಿಯಲ್ಲಿ ಇಡುತ್ತೇನೆ, ಊರಿನ ಹೆಸರಿನ ಸಮೇತ.