ಹಳೆಯ ಡೆಸ್ಕ್‌ಟಾಪ್‌ಗೆ ಇನ್ನೂ ದುಡ್ಡು ಹಾಕಬೇಕಾ?

ನನ್ನ ಡೆಸ್ಕ್‌ಟಾಪ್ ಕೆಲಸದ ಮಧ್ಯೆ ಇದ್ದಕ್ಕಿದ್ದಂತೆ ಆಫ್ ಆಗತೊಡಗಿತು. ಕೆಲವೊಮ್ಮೆ ಫ್ಯಾನ್ ತಿರುಗುತ್ತಿತ್ತು, ಪರದೆ ಮಾತ್ರ ಕಪ್ಪು. ಕೊಂಡಾಗಲೇ ಕಡಿಮೆ ಬೆಲೆಯದು. ರಿಪೇರಿಗೆ ಹಾಕುವ ದುಡ್ಡು ದಂಡವಾದೀತೇನೋ ಅನ್ನುವ ಚಿಂತೆ ಹತ್ತಿತು.

ಮೊದಲು ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಂಡೆ. ಅದು ಮುಗಿದ ಮೇಲೆ ಆತುರ ಹೋಯಿತು.

ಕ್ಯಾಬಿನೆಟ್ ಬಿಚ್ಚಿ ಧೂಳು ತೆಗೆದೆ. ರ‍್ಯಾಮ್ ಕಳಚಿ, ಅದರ ಹೊಳೆಯುವ ಅಂಚನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ಕಪ್ಪು ಪರದೆಯ ಕಾಟ ಅಲ್ಲಿಗೆ ನಿಂತಿತು. ಆಫ್ ಆಗುವುದು ನಿಲ್ಲಲಿಲ್ಲ. ಪ್ರೊಸೆಸರ್ ಜಾಸ್ತಿ ಬಿಸಿಯಾಗುತ್ತಿರಲಿಲ್ಲ. ಮದರ್‌ಬೋರ್ಡಿನ ಮೇಲೆ ಕರೆಂಟ್ ಹಿಡಿದಿಡುವ ಪುಟ್ಟ ಕೆಪಾಸಿಟರ್‌ಗಳೂ ಉಬ್ಬಿರಲಿಲ್ಲ. ಆದರೆ ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಭಾಗಗಳಿಗೆ ಕರೆಂಟ್ ಕೊಡುವ 12 ವೋಲ್ಟಿನ ಲೈನು 11.2 ತೋರಿಸುತ್ತಿತ್ತು. ಮಲ್ಟಿಮೀಟರ್ ಹಿಡಿದರೂ ಅಷ್ಟೇ. ಶೇಕಡಾ 5ರಷ್ಟು ಏರಿಳಿತ ನಡೆಯುತ್ತದೆ, ಅಂದರೆ 11.4ಕ್ಕಿಂತ ಕೆಳಗೆ ಇಳಿಯಬಾರದು. ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನ ಒಳಗೆ ಕರೆಂಟ್ ಹಂಚುವ ಪೆಟ್ಟಿಗೆ, ಸೋತಿದೆ ಅಂತ ಖಾತ್ರಿಯಾಯಿತು. ಅದನ್ನು ಬಿಚ್ಚುವ ಗೋಜಿಗೆ ಮಾತ್ರ ಹೋಗಲಿಲ್ಲ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯದಷ್ಟು ಕರೆಂಟ್ ಉಳಿದಿರಬಹುದು. ದಯವಿಟ್ಟು ಯಾರೂ ಆ ಪ್ರಯೋಗ ಮಾಡಬೇಡಿ.

ಹಾರ್ಡ್‌ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿ ನೋಡಿದೆ. ಕೆಟ್ಟ ಸೆಕ್ಟರ್‌ಗಳು (ಫೈಲು ಇಡಲಾಗದ ಜಾಗಗಳು) ಹೆಚ್ಚುತ್ತಿದ್ದವು. ಅದಕ್ಕೂ ಕಾಲ ಹತ್ತಿರ ಬಂದಿತ್ತು.

ಹಾಗಾದರೆ ಯಾವುದಕ್ಕೆ ದುಡ್ಡು ಹಾಕುವುದು? ನಾನು ಕೇಳಿಕೊಂಡಿದ್ದು ಒಂದೇ: ಈಗ ಕೊಳ್ಳುವ ಭಾಗ ಮುಂದಿನ ಕಂಪ್ಯೂಟರಿಗೂ ಬರುತ್ತದಾ? ಎಟಿಎಕ್ಸ್ ಅನ್ನುವ ಮಾಮೂಲಿ ಅಳತೆಯ ಒಳ್ಳೆಯ ಎಸ್‌ಎಂಪಿಎಸ್ ಬರುತ್ತದೆ. ಕೆಲವು ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗಳಲ್ಲಿ ಕನೆಕ್ಟರೇ ಬೇರೆ ಇರುತ್ತದೆ. ನನ್ನದು ಮಾಮೂಲಿ 24 ಪಿನ್ನಿನದು, ಸದ್ಯ ಬಚಾವ್. ಹಾರ್ಡ್‌ಡಿಸ್ಕಿನ ಜಾಗಕ್ಕೆ, ಅದೇ ಸಾಟಾ ಕನೆಕ್ಟರಿಗೆ ಹಾಕುವ ವೇಗದ ಡಿಸ್ಕು, ಅಂದರೆ ಸಾಟಾ ಎಸ್‌ಎಸ್‌ಡಿಯೂ ಬರುತ್ತದೆ. ನನ್ನ ಬೋರ್ಡಿಗೆ ಬೇಕಾದ ಹಳೆಯ ಬಗೆಯ ಡಿಡಿಆರ್3 ರ‍್ಯಾಮ್ ಮಾತ್ರ ಹೊಸ ಬೋರ್ಡಿನ ಸ್ಲಾಟಿಗೆ ಕೂರುವುದೇ ಇಲ್ಲ. ಹಾಗಾಗಿ ರ‍್ಯಾಮ್ ಜಾಸ್ತಿ ಮಾಡುವ ಆಸೆ ಬಿಟ್ಟೆ.

ವಿಂಡೋಸ್ ಪ್ರಶ್ನೆಯೂ ಇತ್ತಲ್ವಾ? ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನನ್ನ ಇಂಟೆಲ್ ಪ್ರೊಸೆಸರ್ 4ನೇ ತಲೆಮಾರಿನದು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ನನಗೆ ಬೇಕಿರುವುದು ಬರೆಯಲು, ಓದಲು, ವಿಡಿಯೋ ನೋಡಲು. ಅದಕ್ಕೆ ವಿಂಡೋಸ್ ಬದಲು ಹಾಕಬಹುದಾದ ಉಚಿತ ಲಿನಕ್ಸ್ ಮಿಂಟ್ ಸಾಕು.

ಎಸ್‌ಎಂಪಿಎಸ್ ಮತ್ತು ಎಸ್‌ಎಸ್‌ಡಿ ಎರಡನ್ನೂ ಹಾಕಿದೆ. ಆಫ್ ಆಗುವುದು ನಿಂತಿತು. ಎಸ್‌ಎಸ್‌ಡಿ ಬಂದ ಮೇಲಿನ ವೇಗ ನೋಡಿದರೆ, ಇದನ್ನು ಮೊದಲೇ ಹಾಕಬಹುದಿತ್ತು ಅನ್ನಿಸುತ್ತದೆ. ಇನ್ನು ಮದರ್‌ಬೋರ್ಡ್ ಕೆಟ್ಟರೆ ರಿಪೇರಿ ಮಾಡಿಸುವುದಿಲ್ಲ. ಈ ಎರಡನ್ನೂ ಬಿಚ್ಚಿಕೊಂಡು ಹೊಸ ಬೋರ್ಡಿಗೆ ಹೋಗುತ್ತೇನೆ.