11 ಮೈಕ್ರಾನ್ ಎಲ್ಲಿ ಹೋಯ್ತು?

ಕಳ್ಳ ಸಿಕ್ಕಿಬಿದ್ದ. ಮೂರು ವಾರ ತಲೆ ತಿಂದ ಲೆಕ್ಕ ನಿನ್ನೆ ರಾತ್ರಿ ಕೂಡಿಬಂತು. ನಾನು ಮಾಡಿರೋದು ಥ್ರಸ್ಟ್ ಬೇರಿಂಗ್: ಶಾಫ್ಟಿನ ಕಾಲರ್ (ಬಿಲ್ಲೆಯಂಥ ಅಂಚು) ಓಲಾಡುವ ಪ್ಯಾಡ್‌ಗಳ ಮೇಲೆ, ನಡುವಿನ ತೆಳು ಎಣ್ಣೆ ಪದರದಲ್ಲಿ ತೇಲುತ್ತಾ ಭಾರ ಹೊರುತ್ತೆ. ಆ ಪದರ ಲೆಕ್ಕಕ್ಕಿಂತ 11 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ತೆಳು ಬರ್ತಿತ್ತು.

ಪ್ಯಾಡ್ ಸಮ ಆಗಲಿ ಅಂತ ಕೆರೆದದ್ದು, ಉಬ್ಬು ಕಾಣಲಿ ಅಂತ ನೀಲಿ ಬಣ್ಣ ಹಚ್ಚಿ ನೋಡಿದ್ದು ಎಲ್ಲ ಹಳೇ ಕಥೆ, ಬಿಡಿ. ಪ್ಯಾಡಿಗೆ ಗನ್‌ಮೆಟಲ್ (ತವರ ಬೆರೆತ ತಾಮ್ರ) ಕೇಳಿದರೆ ಬೆಂಗಳೂರಿನ ಅಂಗಡಿಯವನು ಹಿತ್ತಾಳೆ ಕಳಿಸಿದ್ದ. ಫೋನ್ ಮಾಡಿದರೆ "ಎರಡೂ ಹಳದೀನೇ ಅಲ್ವಾ ಸಾರ್" ಅಂದ. ಅಲ್ಲಿಗೆ ಹತ್ತು ದಿನ ಹೋಯ್ತು.

ಆರು ಪ್ಯಾಡ್, 1440 ಆರ್‌ಪಿಎಂ, ವಿಜಿ 32 ದರ್ಜೆಯ ಎಣ್ಣೆ. ಎಣ್ಣೆ ಪದರದ ಒತ್ತಡ ಲೆಕ್ಕ ಹಾಕೋ ರೆನಾಲ್ಡ್ಸ್ ಸಮೀಕರಣ ಬಿಡಿಸೋ ನನ್ನ ಪೈಥಾನ್ ಪ್ರೋಗ್ರಾಂ ಹೇಳಿದ ಎಣ್ಣೆ ಪದರ 31 ಮೈಕ್ರಾನ್. ಪದರ ಅಳೆಯೋ ಪ್ರೋಬ್ ತೋರಿಸಿದ್ದು 20.

ಮೊದಲ ಗುಮಾನಿ ಪ್ರೋಬ್ ಮೇಲೆ. ಸ್ಕ್ರೀನಿನಲ್ಲಿ ಸೆಕೆಂಡಿಗೊಂದು ಮೊಳೆ ಎದ್ದ ಹಾಗೆ ಗೆರೆ, ಮೋಟಾರ್ ಆಫ್ ಮಾಡಿದರೂ ಹೋಗಲ್ಲ! ಆನೆಗೆ ಅಂತ ತೋಟದ ಸುತ್ತ ಹಾಕಿರೋ ಸೋಲಾರ್ ಬೇಲಿಯ ಪಲ್ಸ್ ಅದು. ಶೀಲ್ಡ್ ಇರೋ ಕೇಬಲ್ ಎಳೆದೆ. ಗೆರೆ ಹೋಯ್ತು, 20 ಹೋಗಲಿಲ್ಲ. ಆಮೇಲೆ ಭಾರದ ಮೇಲೆ ಅನುಮಾನ. ಬೇರಿಂಗ್ ಮೇಲೆ ಭಾರ ಹೇರೋಕೆ ಲಿವರ್‌ಗೆ ನೇತುಹಾಕಿದ್ದು ಪಾರ್ಚ್‌ಮೆಂಟ್ ಕಾಫಿ ಚೀಲ, ಮಡಿಕೇರಿ ಮಂಜಿಗೆ ತೇವ ಕುಡಿದು ತೂಕ ಏರಿರಬಹುದು ಅಂತ ಕಬ್ಬಿಣದ ತೂಕದ ಕಲ್ಲು ಹಾಕಿದೆ. ಚೀಲ ವಾಪಸ್ ಬಂತು ಅಂತ ಅಪ್ಪನಿಗೆ ಖುಷಿ. ನನಗೆ ಅದೇ 20. ಪ್ರೋಗ್ರಾಮಿನ ಮೆಶ್ (ಲೆಕ್ಕದ ಚೌಕಗಳ ಬಲೆ) ಸಣ್ಣ ಮಾಡಿ ರಾತ್ರಿಯಿಡೀ ಓಡಿಸಿದೆ. ಉತ್ತರ ಅಲ್ಲಾಡಲಿಲ್ಲ, ಕರೆಂಟ್ ಮಾತ್ರ ಹೋಯ್ತು.

ಸುಳಿವು ಕೊಟ್ಟಿದ್ದು ಚಳಿ. ಬೆಳಿಗ್ಗೆ ಆರೂವರೆಗೆ ಸ್ಟಾರ್ಟ್ ಮಾಡಿದಾಗ ಎಣ್ಣೆ ಜೋನಿಬೆಲ್ಲದ ಹಾಗಿತ್ತು. 14 ಡಿಗ್ರಿ ಕೊಟ್ಟರೆ ಪ್ರೋಗ್ರಾಂ ಹೇಳಿದ್ದಕ್ಕೂ ಪ್ರೋಬಿಗೂ ಹೆಚ್ಚುಕಮ್ಮಿ ತಾಳೆ! ಎರಡೇ ನಿಮಿಷ. ಆಮೇಲೆ ಪದರ ಲೆಕ್ಕಕ್ಕಿಂತ ಕೆಳಗೆ ಜಾರಿತು, ತೊಟ್ಟಿಯ ಥರ್ಮಾಮೀಟರ್ ಮಾತ್ರ ಕದಲಲಿಲ್ಲ.

ಪ್ಯಾಡಿನ ಬೆನ್ನಿಗೆ 1.5 ಮಿಮೀ ತೂತು ಕೊರೆದು ಥರ್ಮೋಕಪಲ್ (ಬಿಸಿ ಅಳೆಯೋ ತಂತಿ) ತೂರಿಸಿದೆ. ಬಿಸಿಯೇರಿದ ಮೇಲೆ ತೊಟ್ಟಿಯಲ್ಲಿ 42, ಪ್ಯಾಡಿನಲ್ಲಿ 63. ಒಂದು ಪ್ಯಾಡ್ ಬಿಟ್ಟ ಬಿಸಿ ಎಣ್ಣೆ ಕಾಲರ್‌ಗೆ ಅಂಟಿಕೊಂಡೇ ಮುಂದಿನ ಪ್ಯಾಡಿಗೆ ನುಗ್ಗುತ್ತೆ. ಮದುವೆಮನೆಯಲ್ಲಿ ಮೊದಲ ಪಂಕ್ತಿಯಲ್ಲಿ ಉಂಡವರೇ ಎರಡನೆಯದಕ್ಕೂ ಕೂತ ಹಾಗೆ, ಹೊಸಬರು ಬಾಗಿಲಲ್ಲೇ. ನಾನು ಪ್ರೋಗ್ರಾಮಿಗೆ ತಿನ್ನಿಸ್ತಿದ್ದದ್ದು ಬಾಗಿಲಲ್ಲಿ ನಿಂತವರ, ಅಂದರೆ ತೊಟ್ಟಿಯ ಎಣ್ಣೆಯ ಲೆಕ್ಕ. 42ರಲ್ಲಿ ಸ್ನಿಗ್ಧತೆ (ಎಣ್ಣೆಯ ಮಂದತನ) ಸುಮಾರು 29 ಸೆಂಟಿಸ್ಟೋಕ್ಸ್ (ಅದರ ಅಳತೆ), 63ರಲ್ಲಿ ಸುಮಾರು 14. ಪದರ ಅದರ ವರ್ಗಮೂಲಕ್ಕೆ ತಕ್ಕಂತೆ ಇಳಿಯುತ್ತೆ, 31 ಹೋಗಿ 22. ಉಳಿದ ಎರಡು ಮೈಕ್ರಾನ್ ನನ್ನ ಕೆರೆತದ ಪಾಪಕ್ಕೆ ಜಮಾ.

ಮುಂದೆ ತೋಟದ ತೋಡಿಗೆ ಪುಟ್ಟ ಟರ್ಬೈನ್. 1912ರಲ್ಲಿ ಅಮೆರಿಕದ ಹೋಲ್ಟ್‌ವುಡ್ ಜಲವಿದ್ಯುತ್ ಕೇಂದ್ರದಲ್ಲಿ ಎಂಜಿನಿಯರ್ ಕಿಂಗ್ಸ್‌ಬರಿ ಕೂರಿಸಿದ್ದೂ ಇದೇ ಜಾತಿಯ ಓಲಾಡುವ ಪ್ಯಾಡ್. ಆದರೆ ತೋಡಿಗೆ ಎಣ್ಣೆ ಸೋರೋದು ನನಗೆ ಬೇಡ, ನೀರಲ್ಲೇ ಓಡಬೇಕು. ನೀರಿನ ಸ್ನಿಗ್ಧತೆ 20 ಡಿಗ್ರಿಯಲ್ಲಿ ಒಂದೇ ಸೆಂಟಿಸ್ಟೋಕ್ಸ್. ಇದೇ ಭಾರ, ಇದೇ ವೇಗಕ್ಕೆ ಪದರ ಆರು ಮೈಕ್ರಾನ್ ಕೂಡ ಮುಟ್ಟಲ್ಲ. ಇಷ್ಟು ತೆಳು ಪದರಕ್ಕೆ ಲೋಹ ಆಗದು, ಟಫ್ನಾಲ್ (ಬಟ್ಟೆಗೆ ರಾಳ ಕುಡಿಸಿ ಒತ್ತಿದ ಹಲಗೆ) ಬೇಕು.

ಹಿತ್ತಾಳೆಯವನಿಗೇ ಫೋನ್ ಮಾಡಿದೆ. "ಯಾವ ಬಣ್ಣ ಸಾರ್?" ಅಂದ.