ಆಲ್ಟಿಸ್‌ನ ಏರ್ ಫ್ಲೋ ಸೆನ್ಸರ್ ಕ್ಲೀನಿಂಗ್: ಮೊದಲಿನ ರೀಡಿಂಗ್, ಆಮೇಲಿನ ರೀಡಿಂಗ್

ಗಾಡಿ 2011ರ ಕೊರೊಲಾ ಆಲ್ಟಿಸ್, 1.8 ಪೆಟ್ರೋಲ್, ಮ್ಯಾನುಯಲ್. ಊರು ಹೊಸಪೇಟೆ, ಓಡಾಟ ಹೆಚ್ಚಾಗಿ ತೋರಣಗಲ್ಲು, ಸಂಡೂರು ಕಡೆಗೆ. ಆ ರಸ್ತೆ ಕಂಡವರಿಗೆ ಧೂಳಿನ ಬಗ್ಗೆ ಬಿಡಿಸಿ ಹೇಳಬೇಕಿಲ್ಲ.

ತೊಂದರೆ ಇಷ್ಟೇ: ಅದಿರು ಲಾರಿ ಹಿಂದೆ ಹಾಕೋಣ ಅಂತ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಎಳೆತ ಇಲ್ಲ. ಐಡಲ್ ಸರಿ ಇದೆ, ಚೆಕ್ ಎಂಜಿನ್ ಲೈಟ್ ಬಂದಿಲ್ಲ. ಒಂದು ಗ್ಯಾರೇಜಿನಲ್ಲಿ ಕೇಳಿದ್ದಕ್ಕೆ ಬಾನೆಟ್ ಕೂಡ ಎತ್ತದೆ "ಏರ್ ಫ್ಲೋ ಸೆನ್ಸರ್ ಹೋಗಿರುತ್ತೆ, ಹೊಸದು ಹಾಕಿಬಿಡಿ" ಅಂದರು. ಎಂಜಿನ್ನಿಗೆ ಎಷ್ಟು ಗಾಳಿ ಹೋಗ್ತಿದೆ ಅಂತ ಅಳೆಯೋ ಸೆನ್ಸರ್ ಅದು. ಸಾವಿರಗಟ್ಟಲೆ ಸುರಿಯೋ ಮೊದಲು ಅಳೆದಾದರೂ ನೋಡೋಣ ಅಂತ ಸ್ಕ್ಯಾನರ್ ತೆಗೆದೆ.

ಶನಿವಾರ ಸಂಜೆ: ಬರೀ ರೀಡಿಂಗ್

ಬ್ಲೂಟೂತ್ ಓಬಿಡಿ ಡಾಂಗಲ್ (ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದೋ ಸಾಧನ), ಮೊಬೈಲ್‌ನಲ್ಲಿ ಆ್ಯಪ್. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಎಸಿ ಆಫ್ ಮಾಡಿ ನೋಡಿದ್ದು:

ಐಡಲ್‌ನಲ್ಲಿ ಗಾಳಿ ಸೆಕೆಂಡಿಗೆ 2 ಗ್ರಾಂ ಆಸುಪಾಸು. ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್ (ಲೆಕ್ಕಕ್ಕಿಂತ ಶೇಕಡಾ ಎಷ್ಟು ಪೆಟ್ರೋಲ್ ಹೆಚ್ಚು ಅಥವಾ ಕಮ್ಮಿ ಬಿಡಬೇಕು ಅಂತ ಎಂಜಿನ್ ಕಂಪ್ಯೂಟರ್ ಮಾಡಿಕೊಂಡ ತಿದ್ದುಪಡಿ) ಪ್ಲಸ್ 8.
ನಿಂತಲ್ಲೇ 2500 ಆರ್‌ಪಿಎಂ: ಟ್ರಿಮ್ ಪ್ಲಸ್ 15.
ಖಾಲಿ ರಸ್ತೆಯಲ್ಲಿ ಎರಡನೇ ಗೇರ್, ಫುಲ್ ಥ್ರಾಟಲ್, 4000 ಆರ್‌ಪಿಎಂ: ಗಾಳಿ 50 ಗ್ರಾಂ.

ಐಡಲ್ ಅಂಕಿ ನೋಡಿದರೆ ಸೆನ್ಸರ್ ಆರೋಗ್ಯವಾಗಿದೆ ಅನ್ನಿಸುತ್ತೆ. ಎಂಜಿನ್ ಎಷ್ಟು ಲೀಟರೋ ಐಡಲ್‌ನಲ್ಲಿ ಹೆಚ್ಚುಕಮ್ಮಿ ಅಷ್ಟೇ ಗ್ರಾಂ ಅನ್ನೋದು ಮೆಕ್ಯಾನಿಕ್‌ಗಳ ಅಂದಾಜು ಲೆಕ್ಕ. (ಇದೇ ಅಂಕಿಯಿಂದ ಇನ್ನೊಂದು ಲೆಕ್ಕವೂ ಸಿಗುತ್ತೆ. ಒಂದು ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ ಅಂತ ಹಿಡಿದರೆ, ಸುಮ್ಮನೆ ನಿಂತು ಉರಿಸೋದು ಗಂಟೆಗೆ ಸುಮಾರು 0.65 ಲೀಟರ್. ರೈಲ್ವೆ ಗೇಟಿನಲ್ಲಿ ಎಂಜಿನ್ ಆಫ್ ಮಾಡದವರು ಗಮನಿಸಿ.)

ಆದರೆ ಫುಲ್ ಥ್ರಾಟಲ್ ಅಂಕಿ ಬೇರೆಯೇ ಹೇಳುತ್ತೆ. 1.8 ಲೀಟರ್ ಎಂಜಿನ್ 4000 ಆರ್‌ಪಿಎಂನಲ್ಲಿ ಸೆಕೆಂಡಿಗೆ 60 ಲೀಟರ್ ಜಾಗ ಖಾಲಿ ಮಾಡುತ್ತೆ. ನಮ್ಮ ಬಿಸಿಲಿಗೆ ಲೀಟರ್ ಗಾಳಿ 1.1 ಗ್ರಾಂ ತೂಗಬಹುದು, ಸಿಲಿಂಡರ್ ಶೇ. 90ರಷ್ಟು ತುಂಬಿದರೂ 58, 59 ಬರಬೇಕು. ಬರ್ತಿರೋದು 50. ಒಳಗೆ ಹೋಗೋ ಗಾಳಿಗಿಂತ ಕಮ್ಮಿ ವರದಿ ಮಾಡಿದರೆ ಇಸಿಯು (ಎಂಜಿನ್ ಕಂಪ್ಯೂಟರ್) ಪೆಟ್ರೋಲನ್ನೂ ಕಮ್ಮಿ ಬಿಡುತ್ತೆ. ನಿಧಾನಕ್ಕೆ ಓಡಿಸುವಾಗ ಹೊಗೆ ಕೊಳವೆಯಲ್ಲಿರೋ ಆಕ್ಸಿಜನ್ ಸೆನ್ಸರ್ ಆ ಕೊರತೆಯನ್ನು ಹಿಡಿದು ಟ್ರಿಮ್ ಏರಿಸಿ ಸರಿದೂಗಿಸುತ್ತೆ, ನಮಗೆ ಗೊತ್ತೇ ಆಗಲ್ಲ. ಫುಲ್ ಥ್ರಾಟಲ್‌ನಲ್ಲಿ ಆ ಕ್ಷಣದ ತಿದ್ದುಪಡಿ ಇರಲ್ಲ, ಎಳೆತ ಸತ್ತುಹೋಗೋದು ಅಲ್ಲೇ.

ಟ್ರಿಮ್ ಯಾವ ಕಡೆ ಏರುತ್ತೆ ಅನ್ನೋದೂ ಮುಖ್ಯ. ಎಲ್ಲಾದರೂ ವ್ಯಾಕ್ಯೂಮ್ ಲೀಕ್ (ಸೆನ್ಸರ್ ದಾಟಿದ ಮೇಲೆ ಹೊರಗಿನ ಗಾಳಿ ಒಳಸೇರೋದು) ಇದ್ದಿದ್ದರೆ ಐಡಲ್‌ನಲ್ಲಿ ಜಾಸ್ತಿ ಕಾಣಿಸಿ ಆರ್‌ಪಿಎಂ ಏರಿದಂತೆ ಇಳಿಯಬೇಕಿತ್ತು. ಇಲ್ಲಿ ಉಲ್ಟಾ. ಸೆನ್ಸರ್ ಕೊಳೆಯಾಗಿದೆ ಅನ್ನೋಕೆ ಇಷ್ಟು ಸಾಕಿತ್ತು.

ಭಾನುವಾರ ಬೆಳಗ್ಗೆ: ಬಿಚ್ಚಿದ್ದು

ಎಂಜಿನ್ ತಣ್ಣಗಿರುವಾಗಲೇ ಶುರು ಮಾಡಿದೆ, ಸ್ಪ್ರೇ ಬೇಗ ಬೆಂಕಿ ಹತ್ತುವಂಥದ್ದು. ಇಗ್ನಿಷನ್ ಆಫ್. ಸೆನ್ಸರ್ ಇರೋದು ಏರ್ ಫಿಲ್ಟರ್ ಡಬ್ಬದ ಮುಚ್ಚಳದ ಹತ್ತಿರ, ಐದು ಪಿನ್ ಕನೆಕ್ಟರ್. ಕನೆಕ್ಟರಿನ ಲಾಕ್ ಒತ್ತಿ ಎಳೆಯಬೇಕು, ವೈರ್ ಹಿಡಿದಲ್ಲ. ಎರಡು ಸ್ಟಾರ್ ಸ್ಕ್ರೂ ಬಿಚ್ಚಿ, ಅಲುಗಾಡಿಸದೆ ನೇರ ಮೇಲಕ್ಕೆ ಎತ್ತಿದರೆ ಬರುತ್ತೆ. ಓ ರಿಂಗ್ ಜೊತೆಗೇ ಬಂತಾ ಅಂತ ನೋಡಿಕೊಳ್ಳಿ.

ಹೊರಗೆ ನೇತಾಡೋ ಕಪ್ಪು ಮಣಿ ಗಾಳಿಯ ತಾಪ ಅಳೆಯೋದು. ಅಸಲಿ ಭಾಗ ಪ್ಲಾಸ್ಟಿಕ್ ಕಿಂಡಿಯೊಳಗೆ, ಟಾರ್ಚ್ ಬಿಟ್ಟು ಬಗ್ಗಿ ನೋಡಿದರೆ ಮಾತ್ರ ಕಾಣುತ್ತೆ: ಅಕ್ಕಿನುಚ್ಚಿನಷ್ಟು ಸಣ್ಣ ಎರಡು ತುಣುಕು, ಕೂದಲಿನಂಥ ಕಾಲುಗಳ ಮೇಲೆ. ಅದರಲ್ಲೊಂದನ್ನು ಕರೆಂಟ್ ಹಾಯಿಸಿ ಬಿಸಿಯಾಗಿ ಇಡುತ್ತಾರೆ. ಹಾದು ಹೋಗೋ ಗಾಳಿ ಅದನ್ನು ತಣಿಸುತ್ತೆ. ಬಿಸಿ ಕಾಪಾಡೋಕೆ ಎಷ್ಟು ಕರೆಂಟ್ ಬೇಕಾಯ್ತೋ ಅದೇ ಗಾಳಿಯ ಅಳತೆ. ಮೇಲೆ ಧೂಳು, ಎಣ್ಣೆಯ ಪದರ ಕೂತರೆ ಕಂಬಳಿ ಹೊದ್ದ ಹಾಗೆ, ಗಾಳಿ ತಣಿಸೋದು ಕಮ್ಮಿಯಾಗುತ್ತೆ. ಹಳೇ ಬಾಷ್ ಸೆನ್ಸರ್‌ಗಳಲ್ಲಿ ಎಂಜಿನ್ ಆಫ್ ಆದ ಮೇಲೆ ತಂತಿಯನ್ನು ಒಂದು ಕ್ಷಣ ಕೆಂಪಗೆ ಕಾಯಿಸಿ ಕೊಳೆ ಸುಡುವ ವ್ಯವಸ್ಥೆಯೇ ಇತ್ತು. ಇದರಲ್ಲಿ ಆ ಸೌಭಾಗ್ಯ ಇಲ್ಲ.

ನನ್ನದರ ಮೇಲೆ ಕೆಂಗಂದು ಬಣ್ಣದ ನಯವಾದ ಪದರ. ಸಿಆರ್‌ಸಿ ಕಂಪನಿಯ ಏರ್ ಫ್ಲೋ ಸೆನ್ಸರ್ ಕ್ಲೀನರ್ ತರಿಸಿದ್ದೆ. ಒಂದು ಗೇಣು ದೂರದಿಂದ ಬಿಟ್ಟು ಬಿಟ್ಟು ಹೊಡೆದೆ, ಕೆಳಗೆ ಬಿಳಿ ಪೇಪರ್ ಇಟ್ಟು. ಮೊದಲು ಚಹಾ ಬಣ್ಣದ ಹನಿ, ಬರಬರುತ್ತಾ ತಿಳಿ. ಹತ್ತಿ ಕಡ್ಡಿ, ಬ್ರಷ್, ಬೆರಳು ಯಾವುದನ್ನೂ ಒಳಗೆ ಹಾಕಬಾರದು. ಆ ಕಾಲು ಮುರಿದರೆ ಗ್ಯಾರೇಜಿನವರ ಮಾತೇ ಗೆದ್ದಂತೆ. ಕಾರ್ಬ್ ಕ್ಲೀನರ್, ಬ್ರೇಕ್ ಕ್ಲೀನರ್ ಕೂಡ ಬೇಡ, ಪ್ಲಾಸ್ಟಿಕ್ಕಿಗೂ ಲೇಪನಕ್ಕೂ ಅಪಾಯ. ತಾನಾಗೇ ಒಣಗೋಕೆ ಬಿಟ್ಟು ತಿಂಡಿಗೆ ಹೋದೆ.

ಆ ಕೆಂಪು ಧೂಳು ಫಿಲ್ಟರ್ ದಾಟಿ ಬಂದಿದ್ದು ಹೇಗೆ ಅನ್ನೋದು ನನಗೆ ಸೆನ್ಸರಿಗಿಂತ ದೊಡ್ಡ ಪ್ರಶ್ನೆ. ಡಬ್ಬ ಬಿಚ್ಚಿದರೆ ಉತ್ತರ ಎದುರಿಗೇ ಇತ್ತು. ಫಿಲ್ಟರಿನ ರಬ್ಬರ್ ಅಂಚಿನಲ್ಲಿ ಮೂರು ಕಡೆ ಡಬ್ಬದ ಒತ್ತಿನ ಗುರುತು, ನಾಲ್ಕನೇ ಕಡೆ ಏನೂ ಇಲ್ಲ. ಅದೇ ಜಾಗದಿಂದ ಶುರುವಾಗಿ ಮುಚ್ಚಳದ ಒಳಗೋಡೆ ಮೇಲೆ, ಶುದ್ಧ ಗಾಳಿಯ ಬದಿಯಲ್ಲಿ, ಕುಂಕುಮದಂಥ ಒಂದು ಗೆರೆ. ಕಳೆದ ಸರ್ವಿಸ್‌ನಲ್ಲಿ ಹಾಕಿದ್ದ ಅಗ್ಗದ ಫಿಲ್ಟರ್ ಅಳತೆಗೆ ಸರಿಯಾಗಿ ಕೂತಿರಲೇ ಇಲ್ಲ. ಡಬ್ಬ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಒರಿಜಿನಲ್ ಫಿಲ್ಟರ್ ಹಾಕಿ, ನಾಲ್ಕೂ ಬದಿ ಬೆರಳಾಡಿಸಿ ಮುಚ್ಚಿದೆ. ಸೆನ್ಸರ್ ಸ್ಕ್ರೂಗಳು ಪ್ಲಾಸ್ಟಿಕ್ಕಿನೊಳಗೆ ಹೋಗೋದು, ಕೈಬಿಗಿ ಸಾಕು. ಸ್ಕ್ಯಾನರ್‌ನಿಂದ ಹಳೇ ಟ್ರಿಮ್ ಅಳಿಸಿದೆ.

ಒಂದು ಟ್ಯಾಂಕ್ ಪೆಟ್ರೋಲ್ ಮುಗಿದ ಮೇಲೆ

ಎರಡನೇ ಗೇರ್, 4000: ಈಗ 58 ಗ್ರಾಂ. ಲಾರಿ ಹಿಂದೆ ಹಾಕುವಾಗ ವ್ಯತ್ಯಾಸ ಸೊಂಟಕ್ಕೇ ಗೊತ್ತಾಗುತ್ತೆ. ಮೈಲೇಜ್ ಬಗ್ಗೆ ಒಂದೇ ಟ್ಯಾಂಕಿನ ಮೇಲೆ ಏನೂ ಹೇಳಲ್ಲ.

ಟ್ರಿಮ್ ಐಡಲ್‌ನಲ್ಲಿ ಪ್ಲಸ್ 6, 2500ರಲ್ಲೂ ಪ್ಲಸ್ 6. ಏರುವ ಇಳಿಜಾರು ಹೋಗಿ ಸಪಾಟಾಗಿದೆ, ಆದರೆ ಸೊನ್ನೆಗೆ ಬಂದಿಲ್ಲ. ಮತ್ತೆ ಸ್ಪ್ರೇ ಎತ್ತಿಕೊಳ್ಳೋ ಮನಸ್ಸಾಯ್ತು, ಎತ್ತಲಿಲ್ಲ. ಎಲ್ಲಾ ವೇಗದಲ್ಲೂ ಒಂದೇ ಸಮ ಇರೋ ಈ 6ಕ್ಕೆ ನನ್ನ ಅನುಮಾನ ಬಂಕಿನ ಮೇಲೆ: ಈಗ ಸಿಗೋದು ಇ20, ಅಂದರೆ ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್‌ಗೆ ಗ್ರಾಂಗೆ 9 ಗ್ರಾಂ ಗಾಳಿ ಸಾಕು. ಶೇ. 20 ಬೆರೆತರೆ 14.7 ಹೋಗಿ 13.5 ಹತ್ತಿರ ನಿಲ್ಲುತ್ತೆ, ಅಂದರೆ ಅದೇ ಗಾಳಿಗೆ ಹೆಚ್ಚು ಇಂಧನ. 2011ರ ಗಾಡಿಯ ಇಸಿಯುಗೆ ಇದು ಗೊತ್ತಿಲ್ಲ, ಟ್ರಿಮ್ ಏರಿಸಿಯೇ ಸರಿಮಾಡಿಕೊಳ್ಳಬೇಕು. ಹಳೇ ಗಾಡಿಯಲ್ಲಿ ಸಣ್ಣ ಪ್ಲಸ್ ಟ್ರಿಮ್ ಕಂಡ ಕೂಡಲೇ ಸೆನ್ಸರ್ ಮೇಲೆ ಹರಿಹಾಯೋದು ಈಗ ಅರ್ಥವಿಲ್ಲದ್ದು.

ಇದನ್ನು ನೋಡಿ ತಮ್ಮ ಕಾರಲ್ಲೂ ಹುಡುಕೋಕೆ ಹೊರಟವರಿಗೆ: ಮಾರುತಿಯ ಬಹುತೇಕ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಈ ಸೆನ್ಸರೇ ಇಲ್ಲ, ಮ್ಯಾನಿಫೋಲ್ಡ್ (ಸಿಲಿಂಡರ್ಗಳಿಗೆ ಗಾಳಿ ಹಂಚೋ ಕೊಳವೆ) ಒತ್ತಡದಿಂದ ಲೆಕ್ಕ ಹಾಕುತ್ತವೆ.

ಮುಂದಿನ ಕೆಲಸ ಥ್ರಾಟಲ್ ಬಾಡಿ, ಅಂದರೆ ಸೆನ್ಸರ್ ದಾಟಿದ ಗಾಳಿ ಎಂಜಿನ್ನಿಗೆ ಹೋಗೋ ಬಾಗಿಲು. ಫಿಲ್ಟರ್ ದಾಟಿದ ಧೂಳು ಸೆನ್ಸರಿನಲ್ಲೇ ನಿಂತಿರಲ್ಲ.